ಜಾಳಿ ಇಲ್ಲದ ಚಕ್ರ

ನಾನು ಒಂದು ತಗಡಿನ ಬೋರ್ಡು, ಗರುಡ ಸೈಕಲ್ಲಿನ ಜಾಹೀರಾತು. ಬಣ್ಣ ಬಳಿದು, ಭಟ್ಟಿಯಲ್ಲಿ ಸುಟ್ಟು ನನ್ನನ್ನು ಮಾಡಿದರು. ಅದಕ್ಕೇ ಎಪ್ಪತ್ತು ವರ್ಷವಾದರೂ ಮಾಸಿಲ್ಲ. ಮಾಸಿದ್ದರೆ ಚೆನ್ನಾಗಿತ್ತು.

ನನ್ನ ಮೇಲೊಂದು ಚಿತ್ರ. ಗಂಡ ಪೆಡಲ್ ತುಳಿಯುತ್ತಾನೆ, ಹೆಂಡತಿ ಹಿಂದೆ ಕ್ಯಾರಿಯರ್ ಮೇಲೆ ಕೂತು ನಗುತ್ತಾಳೆ, ಅವಳ ಕೆಂಪು ಸೆರಗು ಗಾಳಿಗೆ ಹಾರುತ್ತದೆ. ಸೀರೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರಕ್ಕೆ ತಂತಿಯ ಜಾಳಿ ಹಾಕುವುದು ರೂಢಿ. ಚಿತ್ರ ಬರೆದ ಪುಣ್ಯಾತ್ಮ, ಸೀರೆಯ ಅಂದ ಕೆಡುತ್ತದೆಂದು ಅದನ್ನೇ ಬಿಟ್ಟಿದ್ದ.

ಗದಗಿನಲ್ಲಿ ಚನ್ನವೀರಪ್ಪನ ಸೈಕಲ್ ಅಂಗಡಿಯ ಬಾಗಿಲ ಮೇಲೆ ನನ್ನನ್ನು ಮೊಳೆ ಹೊಡೆದು ನಿಲ್ಲಿಸಿದರು. ಆಗ ನನಗೆಷ್ಟು ಸೊಕ್ಕು! ದಾರಿಯಲ್ಲಿ ಹೋಗುವವರೆಲ್ಲ ಕತ್ತೆತ್ತಿ ನನ್ನನ್ನೇ ನೋಡಬೇಕು.

ಒಂದು ದಿನ ದಾನಪ್ಪ ಮಾಸ್ತರು ಹೊಸ ಹೆಂಡತಿ ನೀಲವ್ವನ ಜೊತೆ ಸೈಕಲ್ ಕೊಳ್ಳಲು ಬಂದರು.

"ಜಾಳಿ ಹಾಕ್ಲೇನ್ರೀ ಮಾಸ್ತರ?" ಎಂದ ಚನ್ನವೀರಪ್ಪ.

"ಹಾಕ್ರಿ, ಹಾಕ್ರಿ."

ನೀಲವ್ವ ನನ್ನ ಕಡೆ ಬೆರಳು ಮಾಡಿದಳು. "ಆಕಿ ಸೈಕಲ್ಲಿಗೆ ಎಲ್ಲೈತ್ರೀ ಜಾಳಿ? ನಮಗೂ ಬ್ಯಾಡ. ನನ್ನ ಸೆರಗೂ ಹಂಗ ಹಾರಬೇಕು."

ಮಾಸ್ತರು ನಕ್ಕು ಒಪ್ಪಿದರು. ನಾನೂ ಉಬ್ಬಿದೆ. ಅಯ್ಯೋ, ನನ್ನ ಸೊಕ್ಕಿಗಿಷ್ಟು ಬೆಂಕಿ ಹಾಕ!

ಎದುರಿನ ತಿರುವು ದಾಟುವ ಮುಂಚೆಯೇ ಸೆರಗು ಚಕ್ರಕ್ಕೆ ಸುತ್ತಿಕೊಂಡಿತು. ನೀಲವ್ವ ಚೀರಿದ್ದು ನನ್ನವರೆಗೂ ಕೇಳಿಸಿತು. ಅವಳ ಮೊಣಕಾಲು ಮುರಿಯಿತು. ಕೂಡಿಕೊಂಡರೂ ಕುಂಟು ಉಳಿಯಿತು. ಮರುವಾರ ಮಾಸ್ತರು ಸೈಕಲ್ಲನ್ನು ತಿರುಗಿ ತಂದು ಬಿಟ್ಟರು. "ನಂದ ತಪ್ಪು, ಚನ್ನವೀರಪ್ಪ. ನನಗರ ಬುದ್ಧಿ ಬ್ಯಾಡೇನು?" ಎಂದರು. ಆಮೇಲೆ ಮೂವತ್ತು ವರ್ಷ ಅದೇ ದಾರಿಯಲ್ಲಿ ಶಾಲೆಗೆ ನಡೆದೇ ಹೋದರು. ನನ್ನ ಮುಂದೆ ಹಾಯುವಾಗ ತಲೆ ತಗ್ಗಿಸುತ್ತಿದ್ದರು. ತಗ್ಗಿಸಬೇಕಾದವನು ನಾನು.

ಕಾಲ ಬದಲಾಯಿತು. ನನ್ನ ಮೇಲೆ ಸಿನಿಮಾ ತಾರೆಯ ಸೈಕಲ್ ಪೋಸ್ಟರು ಅಂಟಿಸಿದರು, ಅದರ ಮೇಲೆ ಮೊಪೆಡ್ಡಿನದು, ಆಮೇಲೆ ಗೇರಿನ ಸೈಕಲ್ಲಿನದು. ಮುಖ ಮುಚ್ಚಿತಲ್ಲ ಎಂದು ನನಗೆ ಹಾಯೆನಿಸಿತು. ಅಂಗಡಿ ಮುಚ್ಚಿದಾಗ ಗುಜರಿಗೆ ಬಿದ್ದೆ. ಅಲ್ಲಿಯಾದರೂ ಬಿಟ್ಟರೇ? ಹುಬ್ಬಳ್ಳಿಯ ಹೋಟೆಲಿನವನೊಬ್ಬ ಕೊಂಡೊಯ್ದು, ಪೋಸ್ಟರು ಕೆರೆದು, ತೊಳೆದು, ಗೋಡೆಗೆ ನೇತುಹಾಕಿದ. ಈಗ ಜನ ನನ್ನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಮೊನ್ನೆ ಮೊಮ್ಮಗಳ ಕೈ ಹಿಡಿದು ಮುದುಕಿಯೊಬ್ಬಳು ಕುಂಟುತ್ತ ಬಂದಳು. ನೀಲವ್ವ! ನನ್ನನ್ನು ನೋಡಿ ಅಲ್ಲೇ ನಿಂತುಬಿಟ್ಟಳು.

"ಎಲಾ ಇಕಿನ! ಇನ್ನೂ ಬಿದ್ದಿಲ್ಲೇನ ನೀ?" ಎಂದಳು ಚಿತ್ರದ ಹೆಣ್ಣಿಗೆ. ಆಮೇಲೆ ಮೊಮ್ಮಗಳಿಗೆ ಮೆಲ್ಲಗೆ ಹೇಳಿದಳು: "ನಿಮ್ಮಜ್ಜ ಸಾಯೂತನಕ 'ನಂದ ತಪ್ಪು' ಅಂದ್ರು. ಹಟ ಹಿಡದಾಕಿ ನಾನ. ಒಮ್ಮೆರ ಅವ್ರಿಗೆ ನಾ ಬಾಯಿಬಿಟ್ಟು ಹಂಗ ಹೇಳ್ಲಿಲ್ಲ."

ಮೊಮ್ಮಗಳ ಚೀಲದಿಂದ ಕಾಡಿಗೆ ಪೆನ್ಸಿಲ್ ತೆಗೆದು, ನನ್ನ ಹಿಂದಿನ ಚಕ್ರದ ಮೇಲೆ ಅಡ್ಡಡ್ಡ, ಉದ್ದುದ್ದ ಗೆರೆ ಎಳೆದಳು. ಜಾಳಿ ಹಾಕಿದಳು.

ಹೋಟೆಲಿನವರು ಇನ್ನೂ ನೋಡಿಲ್ಲ. ನಾಳೆ ಒದ್ದೆ ಬಟ್ಟೆ ತಂದರೆ, ಒರೆಸಬೇಡಿ ಎನ್ನಲು ನನಗೆ ಬಾಯಿಲ್ಲ. ಅವತ್ತು ಬಾಯಿ ಇದ್ದಿದ್ದರೂ ಜಾಳಿ ಹಾಕಿಸು ತಾಯಿ ಎಂದು ಹೇಳುತ್ತಿರಲಿಲ್ಲ, ಅಷ್ಟು ಉಬ್ಬಿದ್ದೆ.