ಮರ್ಲ್ ಕೇಳಿ ತಂದ ದೀಪಗಳು

ಓಕ್ಲಹೋಮಾದ ಪಶ್ಚಿಮದ ತುದಿಯ ಹುಲ್ಲುಗಾವಲಿನಲ್ಲಿ, ಮನುಷ್ಯರಿಗಿಂತ ದನಗಳೇ ಹೆಚ್ಚಿರುವ ಕಡೆ, ಪ್ರತಿ ಶರತ್ಕಾಲದ ಅಮಾವಾಸ್ಯೆಗೆ ಆಕಾಶದ ಚಿತ್ರ ತೆಗೆಯುವವರು ಬಂದು ಡೇರೆ ಹಾಕುತ್ತಾರೆ. ಮೋಡ ಕವಿದರೆ ಅವರಿಗೆ ಕಥೆ ಹೇಳುವುದಲ್ಲದೆ ಬೇರೆ ಕೆಲಸವಿಲ್ಲ. ಮರ್ಲ್ ಹಾಸ್ಕಿನ್ಸ್‌ನ ದೀಪಗಳ ಕಥೆಯನ್ನು ಅಲ್ಲಿ ಮೂವರ ಬಾಯಲ್ಲಿ ಕೇಳಿದ್ದೇನೆ. ಇಬ್ಬರು ನಗಿಸುವುದಕ್ಕೆಂದು ಹೇಳಿದರು. ನಾನಿಲ್ಲಿ ಅನುಸರಿಸಿರುವುದು ಮರ್ಲ್‌ನ ಗೆಳೆಯ ರಾಯ್ಸ್ ಟಿಬೆಟ್ಸ್ ಹೇಳಿದ ರೀತಿಯನ್ನು.

ಮರ್ಲ್ ಟಲ್ಸಾ ನಗರದ ಹೊರವಲಯದವನು. ಶಾಲಾ ಬಸ್ಸುಗಳನ್ನು ರಿಪೇರಿ ಮಾಡಿ ನಿವೃತ್ತನಾದವನು. ಅವನೂ ಒಂದು ಕಾಲದಲ್ಲಿ ಈ ಹುಲ್ಲುಗಾವಲಿಗೆ ತಪ್ಪದೆ ಬರುತ್ತಿದ್ದ. ಹೆಂಡತಿ ಡೋರೀನಳ ಶ್ವಾಸಕೋಶ ಸೋತು, ಮೂಗಿಗೆ ಆಮ್ಲಜನಕದ ನಳಿಕೆ ಬಂದ ಮೇಲೆ, ರಾತ್ರಿ ಅವಳೊಬ್ಬಳನ್ನೇ ಬಿಟ್ಟು ಹೊರಡುವಂತಿರಲಿಲ್ಲ. ಹಾಗಾಗಿ ದೂರದರ್ಶಕವನ್ನು ಮನೆಯ ಮುಂದೆ ಕಾರು ನಿಲ್ಲಿಸುವ ಕಾಂಕ್ರೀಟಿನ ಮೇಲೆ ಹೂಡಿದ.

ಅವನಿಗೆ ಬೇಕಿದ್ದುದು ಒಂದೇ ಚಿತ್ರ. ಸಪ್ತರ್ಷಿ ಮಂಡಲದ ಬಳಿಯ ಒಂದು ಗೆಲಾಕ್ಸಿ ತನಗಿಂತ ಚಿಕ್ಕದೊಂದನ್ನು ನುಂಗಿದೆ; ಹಾಗೆ ನುಂಗುವಾಗ ಹೊರಗೆ ಚೆಲ್ಲಿದ ನಕ್ಷತ್ರಗಳು ಅದರ ಸುತ್ತ ತೆಳ್ಳನೆಯ ಎಳೆಯಾಗಿ ಹರಡಿವೆ. ಆ ಎಳೆಯನ್ನು ಅವನು ಹಿಡಿಯಬೇಕಿತ್ತು. ಹುಲ್ಲುಗಾವಲಿನ ಕತ್ತಲೆಯಲ್ಲಾದರೆ ಒಂದು ರಾತ್ರಿಯ ಕೆಲಸ. ಬೀದಿದೀಪಗಳ ನಡುವೆ, ಹಲವು ಚಳಿಗಾಲಗಳ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಬೇಕು. ಮರ್ಲ್ ಪೇರಿಸಿದ. ಬೀದಿಯಲ್ಲಿ ಆಗ ಇದ್ದವು ಸೋಡಿಯಂ ದೀಪಗಳು. ಅವುಗಳ ಬೆಳಕೆಲ್ಲ ಹೆಚ್ಚುಕಡಿಮೆ ಹಳದಿಯೊಂದರಲ್ಲೇ ಇರುವುದರಿಂದ ಕ್ಯಾಮೆರಾದ ಮುಂದೆ ತಕ್ಕ ಗಾಜು ಇಟ್ಟರೆ ಬಹುಪಾಲು ಅಲ್ಲೇ ನಿಲ್ಲುತ್ತದೆ.

“ಆ ಹಳದಿ ನಂಗೆ ಪರಿಚಯದ ಕಳ್ಳ ಕಣೋ, ಯಾವ ಕಿಟಕೀಲಿ ನುಗ್ತಾನೆ ಅಂತ ಗೊತ್ತು” ಎನ್ನುತ್ತಿದ್ದನಂತೆ.

ಎಳೆ ಮಸುಕಾಗಿ ಮೂಡತೊಡಗಿತ್ತು. ಇನ್ನೊಂದೆರಡು ಚಳಿಗಾಲ ಸಾಕಿತ್ತು. ಬೇಗ ಮುಗಿಸುವ ಆಸೆಯಿಂದ ಅವನು ಪುರಸಭೆಯ ಮೆಟ್ಟಿಲು ಹತ್ತಿದ. ಊರವರು ಎದ್ದು ಮಾತಾಡಲು ಅಲ್ಲಿ ತಲಾ ಮೂರು ನಿಮಿಷ ಕೊಡುತ್ತಾರೆ. ಪ್ರತಿ ಸಭೆಯಲ್ಲೂ ಅವನ ಕೋರಿಕೆ ಒಂದೇ: ದೀಪಗಳಿಗೆ ಟೋಪಿ ಹಾಕಿಸಿ, ಬೆಳಕು ಆಕಾಶಕ್ಕಲ್ಲ, ರಸ್ತೆಗೆ ಬೀಳಲಿ. “ಮರ್ಲ್, ನಿನ್ನ ನಕ್ಷತ್ರಗಳಿಗೆ ನಮ್ಮ ವಾರ್ಡಲ್ಲಿ ಓಟಿಲ್ಲ ಕಣಪ್ಪ” ಎಂದು ಸದಸ್ಯೆ ಗ್ಲೆಂಡಾ ಛೇಡಿಸುತ್ತಿದ್ದಳು. ಆದರೆ ಕೊನೆಗೆ ಅವನ ಪರವಾಗಿ ಕೈಯೆತ್ತಿದವಳೂ ಅವಳೇ.

ದೀಪಗಳು ಬಂದವು, ಕೇಳಿದಂತೆ ಟೋಪಿ ಹಾಕಿಕೊಂಡೇ ಬಂದವು. ಟೋಪಿಯ ಕೆಳಗೆ ಮಾತ್ರ ಸೋಡಿಯಂ ಇರಲಿಲ್ಲ; ಹಾಲಿನಷ್ಟು ಬೆಳ್ಳಗಿನ ಎಲ್‌ಇಡಿ ಇತ್ತು. ಅಷ್ಟು ಸಭೆಗಳಲ್ಲಿ ಬಲ್ಬಿನ ಬಗ್ಗೆ ಒಂದು ಮಾತು ಆಡಬೇಕೆಂದು ಮರ್ಲ್‌ಗೆ ಹೊಳೆದಿರಲಿಲ್ಲ. ಬಿಳಿಯಲ್ಲಿ ಎಲ್ಲ ಬಣ್ಣಗಳೂ ಇವೆ, ಗೆಲಾಕ್ಸಿಯ ಬೆಳಕಿನಲ್ಲಿಯೂ ಇವೆ. ಎರಡನ್ನೂ ಬೇರ್ಪಡಿಸುವ ಗಾಜು ಯಾರ ಬಳಿಯೂ ಇಲ್ಲ. ಟೋಪಿ ಕೆಳಗೆ ತಳ್ಳಿದ ಬೆಳಕು ಕಾಂಕ್ರೀಟಿಗೂ ಹಿಮಕ್ಕೂ ಬಡಿದು ಮತ್ತೆ ಮೇಲೆದ್ದಿತು.

ಸಭೆಯಲ್ಲಿ ಅವನನ್ನು ಮುಂದೆ ಕರೆದು ಚಪ್ಪಾಳೆ ತಟ್ಟಿದರು. ಪಕ್ಕದ ಮನೆಯವರು ಪೆಕಾನ್ ಪೈ ಎಂಬ ಸಿಹಿತಿಂಡಿ ತಂದುಕೊಟ್ಟು, ಈಗ ರಸ್ತೆ ಹಗಲಿನಂತಿದೆ ಎಂದು ಹೊಗಳಿದರು. ಮರ್ಲ್ ಪೈ ತಿಂದ. ಆಮೇಲೆ ರಾಯ್ಸ್‌ಗೆ ಫೋನು ಮಾಡಿದ.

“ಬೈಯೋಣ ಅಂದ್ರೆ ಯಾರಿಗೆ ಬೈಯಲೋ? ಟೋಪಿ ಕೇಳ್ದೆ, ಟೋಪಿ ಕೊಟ್ರು.”

ಹುಲ್ಲುಗಾವಲಿನಿಂದ ತಾನೇ ಆ ಚಿತ್ರ ತೆಗೆದು ಮರ್ಲ್‌ನ ಹೆಸರು ಹಾಕುವುದಾಗಿ ರಾಯ್ಸ್ ಹೇಳಿದ. “ನನ್ನ ಮದುವೆಗೆ ನೀನು ಉಂಗುರ ತೊಡಿಸ್ದಂಗಾಯ್ತು, ಬಿಡಯ್ಯ” ಎಂಬುದು ಅದಕ್ಕೆ ಬಂದ ಉತ್ತರ.

ಒಂದು ದಾರಿ ಉಳಿದಿತ್ತು. ಕೇಳಿಕೊಂಡ ಮನೆಗಳ ಮುಂದಿನ ಕಂಬದ ದೀಪಕ್ಕೆ, ಮನೆಯ ಕಡೆ ಬೆಳಕು ಬೀಳದಂತೆ, ಪುರಸಭೆ ಒಂದು ಕಪ್ಪು ತಗಡನ್ನು ಸಿಕ್ಕಿಸಿಕೊಡುತ್ತಿತ್ತು. ಆಕಾಶ ಬೆಳ್ಳಗೇ ಇದ್ದರೂ ದೂರದರ್ಶಕ ನಿಲ್ಲುವ ಜಾಗವಾದರೂ ಕತ್ತಲಾಗುತ್ತದೆ. ತುಂಬ ವರ್ಷ ಹಿಡಿದರೂ ಎಳೆ ಕೈಗೆ ಹತ್ತೀತು. ಮರ್ಲ್ ಕೇಳಿಕೊಂಡ. ಲೈನ್‌ಮನ್ ತಗಡು ತಂದು ಏಣಿ ಇಳಿಸುತ್ತಿರುವಾಗ, ಮಲಗುವ ಕೋಣೆಗೂ ಬೆಳಕು ಕಡಿಮೆಯಾಗುತ್ತದೆಂದು ತಿಳಿಸಲು ಒಳಗೆ ಹೋದ. ಡೋರೀನ್ ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದಳು.

“ಇಷ್ಟು ವರ್ಷ ನೀನು ಹೊರಗೆ ನಿಂತಿರೋವಾಗ ಆ ಹಳದಿ ಮಬ್ಬಲ್ಲಿ ನಂಗೇನೂ ಕಾಣ್ತಿರ್ಲಿಲ್ಲ, ಮರ್ಲ್. ಐಸ್ ಮೇಲೆ ಜಾರಿ ಬಿದ್ದಿದ್ದೀಯೇನೋ ಅಂತ ಕೆಮ್ಮು ತಡ್ಕೊಂಡು ಕಿವಿ ಕೊಟ್ಟು ಮಲಗಿರ್ತಿದ್ದೆ. ಈಗ ನೀನು ಮೂಗು ಒರೆಸ್ಕೊಳ್ಳೋದೂ ಕಾಣುತ್ತೆ.”

ಮರ್ಲ್ ಕಿಟಕಿಯಾಚೆಯ ಕಂಬದ ಕಡೆ ನೋಡಿದ.

“ಹಾಕಿಸ್ಬೇಡ ಅನ್ನಲ್ಲಪ್ಪ. ನಿನ್ನ ಫೋಟೋ ನಿಂದು. ನೀನು ಹೇಗೆ ಹೇಳಿದ್ರೆ ಹಾಗೆ.”

ಬೇಡವೆಂದಿದ್ದರೆ ಜಗಳವಾದರೂ ಆಡಬಹುದಿತ್ತು ಎಂದು ಅವನು ಆಮೇಲೆ ರಾಯ್ಸ್‌ನೊಡನೆ ಹೇಳಿದ್ದುಂಟು. ಹೊರಗೆ ಬಂದು ಲೈನ್‌ಮನ್‌ಗೆ ತಗಡು ಬೇಡವೆಂದ. ಅವನು ಏನೂ ಕೇಳದೆ ಏಣಿ ಮಡಿಸಿದ. ನಗಿಸಲು ಹೇಳುವವರ ಕಥೆ ಇಲ್ಲಿಗೆ ಮುಗಿಯುತ್ತದೆ.

ಆ ಚಳಿಗಾಲವೂ ಮರ್ಲ್ ಆಕಾಶ ತಿಳಿಯಾದಾಗಲೆಲ್ಲ ದೂರದರ್ಶಕ ಹೊರತಂದು ನಿಲ್ಲಿಸಿದ. ಅವನು ಹೊರಗೆ ಹೋಗದಿದ್ದರೆ ತನ್ನಿಂದಲೇ ಕೆಲಸ ನಿಂತಿತೆಂದು ಡೋರೀನಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಚಿತ್ರಗಳು ಒಂದಾದ ಮೇಲೊಂದು ಸುಣ್ಣ ಬಳಿದ ಗೋಡೆಯಂತೆ ಬಂದವು. ಒಳಗೆ ಹೋಗುವ ಮುನ್ನ ಎಲ್ಲವನ್ನೂ ಅಳಿಸಿಬಿಡುತ್ತಿದ್ದ. ಅದನ್ನು ಕೇಳಿದ ರಾಯ್ಸ್, ಹೇಗಿದ್ದರೂ ಏನೂ ದಕ್ಕುವುದಿಲ್ಲ, ಮಸೂರದ ಮುಚ್ಚಳವನ್ನಾದರೂ ಹಾಕಿಟ್ಟು ಮಂಜಿನಿಂದ ಕಾಪಾಡು ಎಂದ.

“ಮುಚ್ಚಳ ತೆಗೀದಿದ್ರೆ ಅವಳಿಗೆ ಕಾಣ್ಸುತ್ತಲ್ಲೋ” ಎಂದನಂತೆ ಮರ್ಲ್.