ಇಂಗ್ಲಿಷಿಗೆ ಹೋಗದ ಮಾತು

“ಇಲ್ಲಿ ಯಾವ ದೇಶ ಅಂತ ಬರೀಲಿ ಅಂಕಲ್?”

ಮೈಥಿಲಿ ಪೆನ್ನು ಎತ್ತಿ ಹಿಡಿದು ಕೂತಿದ್ದಳು. ಊಟದ ಮೇಜಿನ ಮೇಲೆ ವೀಸಾ ಅರ್ಜಿ ಹರಡಿತ್ತು. ಮೈಸೂರಿನಲ್ಲಿರುವ ಅವಳ ಅಪ್ಪ ಪರ್ತ್‌ಗೆ ಬರಲು ಹಾಕುತ್ತಿದ್ದ ಅರ್ಜಿ ಅದು. ‘ಯಾವುದಾದರೂ ದೇಶದಿಂದ ನಿಮ್ಮನ್ನು ಹೊರಹಾಕಲಾಗಿದೆಯೆ?’ ಎಂಬ ಪ್ರಶ್ನೆಯ ಮುಂದೆ ‘ಹೌದು’ ಎಂದು ಗುರುತು ಹಾಕಿಯಾಗಿತ್ತು. ಅದರ ಕೆಳಗೆ ಎರಡು ಗೆರೆ ಖಾಲಿ.

“ಊರು ಶೇಖನದ್ದು,” ಎಂದರು ಗ್ರೆಗರಿ. “ಆದ್ರೆ ಕಳಿಸಿದ್ದು ಶೇಖ ಅಲ್ಲ, ಬ್ರಿಟಿಷರು. ಆಗ ಗಲ್ಫಿನಲ್ಲಿ ಹಾಗೇ ಇತ್ತು ಮಗಾ. ಆ ಊರಿನವರು ತಪ್ಪು ಮಾಡಿದ್ರೆ ಶೇಖನ ಕೋರ್ಟು. ನಮ್ಮಂಥ ಹೊರಗಿನವರು ಮಾಡಿದ್ರೆ ಏಜೆನ್ಸಿ ಅಂತ ಬ್ರಿಟಿಷರ ಕಚೇರಿ, ಅದರ ಕೋರ್ಟು. ಅವರು ಇಂಡಿಯಾ ಬಿಟ್ಟು ಏಳು ವರ್ಷ ಆಗಿತ್ತು. ಮೇಜಿನ ಮೇಲೆ ಮಾತ್ರ ಇಂಡಿಯಾದ್ದೇ ಕಾಯಿದೆ ಪುಸ್ತಕ.”

ಈ ಮಾತನ್ನು ಅವರು ನೂರು ಸಲ ಹೇಳಿದ್ದರು. ಪರ್ತ್‌ನ ಕನ್ನಡದವರು ಎಲ್ಲೇ ಬಾರ್ಬಿ ಅಂತ ಬಯಲಲ್ಲಿ ಸುಟ್ಟು ತಿನ್ನುವ ಕೂಟ ಮಾಡಲಿ, ಒಲೆ ಕಾಯುವಷ್ಟರಲ್ಲಿ ಗ್ರೆಗರಿ ಅಂಕಲ್ಲಿನ ಕೋರ್ಟು ಶುರುವಾಗುತ್ತಿತ್ತು. ಟೈಪಿಸ್ಟಾಗಿ ಸೇರಿ ದುಭಾಷಿಯಾದದ್ದು, ನಮ್ಮ ಕಡೆಯವರು ಯಾರು ಕಟಕಟೆ ಹತ್ತಿದರೂ ಸಾಹೇಬ ಇವರ ಬಾಯಿಯನ್ನೇ ನೋಡುತ್ತಿದ್ದದ್ದು, ಎಲ್ಲ ಕೇಳುವವರಿಗೂ ಬಾಯಿಪಾಠ. ಮೈಥಿಲಿ ಬೆಂಟ್ಲಿ ಬಡಾವಣೆಯ ಈ ಮನೆ ಹುಡುಕಿಕೊಂಡು ಬಂದದ್ದೂ ಆ ಕೀರ್ತಿಯಿಂದಲೇ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಬಡಿಸುವುದಕ್ಕೆ ನಲವತ್ತೊಂದು ವರ್ಷ ಹಿಡಿಯಿತು, ಅಷ್ಟೆ.

ಅವಳು ಜೂಂಡಲಪ್‌ನ ಆಸ್ಪತ್ರೆಯಲ್ಲಿ ನರ್ಸು. ಈಗ ಆರು ತಿಂಗಳ ಬಸುರಿ. ಗಂಡ ಗಣಿಯಲ್ಲಿ ಎಂಜಿನಿಯರ್, ಮೂರು ವಾರ ಅಲ್ಲಿದ್ದರೆ ಒಂದು ವಾರ ಮನೆ. ತಾಯಿ ತೀರಿಕೊಂಡು ಎಂಟು ವರ್ಷವಾಗಿತ್ತು.

“ಅಪ್ಪ ಜೀವನ ಪೂರ್ತಿ ಹೋಟೆಲಲ್ಲಿ ಅಡುಗೆ ಮಾಡಿದವ್ರು ಅಂಕಲ್. ಬಾಣಂತನ ನಾನೇ ಮಾಡ್ತೀನಿ ಅಂತ ಕೂತ್ಬಿಟ್ಟಿದ್ದಾರೆ. ಅಲ್ಲಿ ಒಳ್ಳೆ ಮೆಣಸು ಸಿಗುತ್ತಾ, ಇಲ್ಲಿಂದ್ಲೇ ತರ್ಲಾ ಅಂತ ಕೇಳ್ತಾರೆ. ಆದ್ರೆ ಈ ಹಳೇ ಕೇಸು... ವೀಸಾ ಏಜೆಂಟ್ ಹೇಳಿದ, ‘ಇಲ್ಲ’ ಅಂತ ಟಿಕ್ ಮಾಡಿ, ಆ ಕೋರ್ಟೇ ಈಗಿಲ್ಲ, ಯಾರಿಗೆ ಗೊತ್ತಾಗುತ್ತೆ ಅಂತ. ಅಪ್ಪ ಕೇಳ್ಲಿಲ್ಲ. ಸುಳ್ಳು ಬರೆದು ಮೊಮ್ಮಗು ನೋಡಲ್ಲ ಅಂದ್ರು. ಕಳ್ಳತನದ ಕೇಸು ಅಂತ ಬರೆದ್ರೆ ರಿಜೆಕ್ಟ್ ಮಾಡ್ತಾರೆ. ಅವತ್ತು ಅಲ್ಲಿದ್ದವ್ರು ಒಬ್ರು ಹೇಳಿಕೆ ಬರೆದುಕೊಟ್ರೆ ಮಾತ್ರ ಏನಾದ್ರೂ ಆಗ್ಬಹುದು.”

ಗ್ರೆಗರಿ ಅರ್ಜಿಯ ತಲೆಯಲ್ಲಿದ್ದ ಹೆಸರನ್ನು ಆಗಲೇ ಓದಿದ್ದರು. ಹೊನ್ನಪ್ಪ.

“ನೋಡ್ತೇನೆ ಮಗಾ,” ಎಂದರು. “ಎಷ್ಟು ನೆನಪುಂಟು ಅಂತ ನೋಡ್ತೇನೆ.”

ನೆನಪಿಗೇನು ಕಡಿಮೆ? ಹೊನ್ನಪ್ಪ ಕುಂದಾಪುರದ ಕಡೆಯವ, ಇಪ್ಪತ್ತೊಂದರ ಪ್ರಾಯ, ಏಜೆನ್ಸಿಯ ಒಬ್ಬ ಅಧಿಕಾರಿಯ ಮನೆಯಲ್ಲಿ ಅಡುಗೆಗಿದ್ದ. ಕೆಳಗೆ ಕಚೇರಿ, ಮೇಲೆ ಮನೆ. ಒಂದು ಗುರುವಾರ ಸಂಜೆ ದೊರೆಸಾನಿ ಮೆಟ್ಟಿಲಿಳಿದು ಬಂದು ತನ್ನ ಕೈಗಡಿಯಾರವನ್ನು ಅವನ ಕೈಗೆ ಹಾಕಿ, ರಿಪೇರಿಗೆ ಕೊಟ್ಟು ಬಾ ಎಂದು ಸನ್ನೆ ಮಾಡಿದಳು. ಜಗಲಿಯಲ್ಲಿ ಟೈಪ್ ಮಾಡುತ್ತಿದ್ದ ಗ್ರೆಗರಿ ಕತ್ತೆತ್ತಿ ನೋಡಿದ್ದರು. ಮರುದಿನ ಶುಕ್ರವಾರ, ಅಂಗಡಿ ಮುಚ್ಚಿತ್ತು. ಗಡಿಯಾರ ಹೊನ್ನಪ್ಪನ ಟ್ರಂಕಿನಲ್ಲೇ ಉಳಿಯಿತು. ಶನಿವಾರ ಮನೆಯೆಲ್ಲ ಹುಡುಕಾಟ ನಡೆದು, ಟ್ರಂಕಿನಲ್ಲಿ ಸಿಕ್ಕಿತು. ಕೋರ್ಟಿನಲ್ಲಿ ದೊರೆಸಾನಿ, ಕೊಟ್ಟ ನೆನಪಿಲ್ಲ ಎಂದಳು. ಪಾಪ, ನಿಜವಾಗಿ ನೆನಪಿರಲಿಲ್ಲವೋ ಏನೋ. ತೀರ್ಪು ಕೊಡಲು ಕೂತಿದ್ದ ಸಾಹೇಬ ಹಿಂದಿನ ಭಾನುವಾರ ಅದೇ ಮನೆಯಲ್ಲಿ ಹೊನ್ನಪ್ಪ ಹುರಿದ ಮೀನು ಉಂಡವನು.

ಹೇಳುವುದೇನಾದರೂ ಇದೆಯೇ ಎಂದು ಕೇಳಿದಾಗ ಹೊನ್ನಪ್ಪ ಕನ್ನಡದಲ್ಲಿ ಹೇಳಿದ: “ಗ್ರೆಗರಿಯವರನ್ನೇ ಕೇಳಿ. ಅಮ್ಮ ವಾಚು ಕೊಡುವಾಗ ಅವರು ಜಗಲಿಯಲ್ಲೇ ಇದ್ದರು.”

ಸಾಹೇಬ ಗ್ರೆಗರಿಯತ್ತ ತಿರುಗಿದ. ಹೇಳಿದ್ದನ್ನು ಹೇಳಿದಂತೆ ತರ್ಜುಮೆ ಮಾಡುತ್ತೇನೆಂದು ಗ್ರೆಗರಿ ಬೈಬಲ್ ಮುಟ್ಟಿ ಪ್ರಮಾಣ ಮಾಡಿ ಗಂಟೆಯೂ ಆಗಿರಲಿಲ್ಲ. ಊರಿನಲ್ಲಿ ಮದುವೆಯಾಗದ ಮೂವರು ತಂಗಿಯರು. ದುಭಾಷಿಯೇ ದೊರೆಸಾನಿಯ ಎದುರು ಸಾಕ್ಷಿಯಾಗಿ ನಿಲ್ಲುವುದೆ? ನಿಂತರೆ ಮುಂದಿನ ಹಡಗಿನಲ್ಲಿ ತಾನೂ ಇರಬೇಕು.

“ಕ್ಷಮೆ ಕೇಳುತ್ತಿದ್ದಾನೆ, ಸರ್,” ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಹೊನ್ನಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಹೆಸರು ಎಲ್ಲ ಭಾಷೆಯಲ್ಲೂ ಒಂದೇ. ತಾನು ಹೇಳಿದ ಹೆಸರು ಆ ಇಂಗ್ಲಿಷಿನಲ್ಲಿ ಬರಲೇ ಇಲ್ಲ ಎಂದು ಅವನಿಗೆ ತಿಳಿಯಿತು. ಒಮ್ಮೆ ಗ್ರೆಗರಿಯವರ ಮುಖ ನೋಡಿದ, ಆಮೇಲೆ ನೋಡಲಿಲ್ಲ. ಆರು ವಾರ ಜೈಲು, ನಂತರ ಬೊಂಬಾಯಿಗೆ ಹೋಗುವ ಹಡಗು. ಬಾರ್ಬಿಗಳಲ್ಲಿ ಈ ಕೇಸಿನ ಸುದ್ದಿ ಎಂದೂ ಬಂದಿರಲಿಲ್ಲ.

ಬ್ರಿಸ್ಬೇನಿನಲ್ಲಿದ್ದ ಗ್ರೆಗರಿಯವರ ಮಗ ಬ್ರಾಯನ್ ಪ್ರತಿ ಶನಿವಾರದಂತೆ ಅಂದೂ ಫೋನು ಮಾಡಿ, ಇಂಡೂರೂಪಿಲ್ಲಿಯಲ್ಲಿ ದೊಡ್ಡ ಮನೆ ತಗೊಂಡಿದ್ದೀನಿ, ಇಬ್ಬರೂ ಬಂದ್ಬಿಡಿ ಎಂದ. ಅಡಿಲೇಡಿನ ಮಗಳದೂ ಇದೇ ರಾಗ. ಗ್ರೆಗರಿಗೆ ಎಲ್ಲಿಗೂ ಹೋಗುವ ಉತ್ಸಾಹವಿರಲಿಲ್ಲ. ಫೋನಿಟ್ಟು, ಹೆಂಡತಿ ಬೆನೆಡಿಕ್ಟಾ ಮೀನು ಕೊಯ್ಯುತ್ತಿದ್ದಲ್ಲಿಗೆ ಹೋಗಿ, ಮೂವತ್ತೈದು ವರ್ಷದ ಸಂಸಾರದಲ್ಲಿ ಹೇಳದ ವಿಷಯವನ್ನು ಸಿಂಕಿನ ಪಕ್ಕ ನಿಂತು ಹೇಳಿದರು.

ಬೆನೆಡಿಕ್ಟಾ ನಲ್ಲಿ ನಿಲ್ಲಿಸಿದರು. ಕೈ ಒರೆಸಿಕೊಂಡು ಕೊಂಕಣಿಯಲ್ಲಿ ಹೇಳಿದರು: “ಅವಳಿಗೆ ಬೇಕಾದದ್ದು ಒಂದು ಕಾಗದ. ಹುಡುಗ ಒಳ್ಳೆಯವನಿದ್ದ, ಕೋರ್ಟು ಅವಸರ ಮಾಡಿತು ಅಂತ ಬರೆದುಕೊಡಿ. ನಿಮ್ಮ ಹೆಸರು ಯಾಕೆ ತರಬೇಕು? ನಾಳೆ ಚರ್ಚಿನಲ್ಲಿ ಮುಖ ಎತ್ತಿ ನಡೆಯುವುದು ಬೇಡವಾ?”

ಗ್ರೆಗರಿ ಹಾಗೆಯೇ ಬರೆದರು. ಚೊಕ್ಕ ಇಂಗ್ಲಿಷು, ಅರ್ಧ ಪುಟ. ಒಳ್ಳೆಯ ನಡತೆ, ಎಳೆಯ ವಯಸ್ಸು, ಮುಚ್ಚಿಹೋದ ಕೋರ್ಟು. ಒಂದೇ ಒಂದು ಸುಳ್ಳಿರಲಿಲ್ಲ.

ಎರಡು ವಾರ ಕಳೆದು ಮೈಥಿಲಿ ಬಂದಳು. ಕಾಗದ ಓದಿ ಅವಳ ಮುಖ ಅರಳಿತು. ವೀಸಾ ಕೈಗೇ ಬಂದವಳಂತೆ, “ಇದು ಸಾಕು ಅಂಕಲ್, ಥ್ಯಾಂಕ್ಸ್,” ಎಂದಳು. ಆಮೇಲೆ ಬ್ಯಾಗಿನಿಂದ ನೀಲಿ ಏರೋಗ್ರಾಮ್ ತೆಗೆದಳು.

“ನಿಮ್ಮ ವಿಷಯ ಅಪ್ಪನಿಗೆ ಬರೆದಿದ್ದೆ. ಉತ್ತರ ಬಂತು. ನಿಮಗೂ ಎರಡು ಸಾಲು ಇದೆ, ಓದ್ಲಾ?” ಎಂದವಳು ಒಪ್ಪಿಗೆಗೆ ಕಾಯದೆ ಓದಿದಳು. “‘ಗ್ರೆಗರಿಯವರು ಸಿಕ್ಕಿದ್ದು ಸಂತೋಷ. ಅವರಿಗೆ ನನ್ನ ನಮಸ್ಕಾರ ಹೇಳು. ಅವರನ್ನು ಒತ್ತಾಯ ಮಾಡಬೇಡ. ಆಗ ಅವರೂ ಚಿಕ್ಕವರು, ಹೊಟ್ಟೆಪಾಡು. ನನಗೆ ಬರಲಾಗದಿದ್ದರೆ ಮೆಣಸಿನ ಪುಡಿ ಪಾರ್ಸೆಲ್ ಮಾಡುತ್ತೇನೆ.’” ಅವಳು ತಲೆಯೆತ್ತಿದಳು. “ಹೊಟ್ಟೆಪಾಡು ಅಂತ ಯಾಕೆ ಬರೆದಿದ್ದಾರೆ ಅಂಕಲ್? ನಿಮ್ಗೂ ಏನಾದ್ರೂ ತೊಂದ್ರೆ ಕೊಟ್ಟಿದ್ರಾ ಆ ಬ್ರಿಟಿಷರು?”

ಗ್ರೆಗರಿಗೆ ನಾಚಿಕೆಯಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಮೇಜಿನ ಮೇಲಿನ ಅರ್ಧ ಪುಟವನ್ನು ತನ್ನ ಕಡೆಗೆ ಎಳೆದುಕೊಂಡರು.

“ಇದು ಸರಿ ಇಲ್ಲ ಮಗಾ. ಬುಧವಾರ ಬಾ. ಬೇರೆ ಕೊಡ್ತೇನೆ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬೆನೆಡಿಕ್ಟಾ ಗಂಡನನ್ನೇ ನೋಡಿದರು.

ಸೋಮವಾರ ಕೂತು ಬರೆದರು. ಜಗಲಿ, ಗುರುವಾರ, ಗಡಿಯಾರ, ಕಟಕಟೆಯಲ್ಲಿ ಹೊನ್ನಪ್ಪ ಹೇಳಿದ್ದು, ತಾನು ಹೇಳಿದ್ದು. ಮಂಗಳವಾರ ಲೈಬ್ರರಿಯಲ್ಲಿ ಕೂತು ಜನರ ಕಾಗದಪತ್ರ ದೃಢೀಕರಿಸುವ ಜೆ.ಪಿ.ಯ ಮುಂದೆ, ಇದು ಸತ್ಯ ಎಂದು ಪ್ರಮಾಣ ಮಾಡಿ ಸಹಿ ಹಾಕಿದರು. ಆ ಮುದುಕ ಸೀಲು ಒತ್ತುತ್ತಾ ತಾರೀಖು ನೋಡಿ, “ಬಹಳ ಹಿಂದಿನ ಮಾತು, ಮೇಟ್,” ಎಂದ. ಗ್ರೆಗರಿ ಹೌದೆಂದರು.

ಬುಧವಾರ ಮೈಥಿಲಿ ಡ್ಯೂಟಿ ಮುಗಿಸಿ ನೇರ ಬಂದಳು. ಓದುತ್ತಾ ಅರ್ಧಕ್ಕೆ ನಿಂತಳು. ಮತ್ತೆ ಮೊದಲಿನಿಂದ ಓದಿದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಕಿಟಕಿಯಾಚೆ ಪಕ್ಕದ ಬಾಡಿಗೆ ಮನೆಯ ಹುಡುಗರು ಬಸ್ಸಿಗೆ ಓಡಿದರು.

“ಊರಿಗೆ ಬಂದ ಮೇಲೆ ಎರಡು ವರ್ಷ ಅಪ್ಪನ್ನ ಯಾರೂ ಅಡುಗೆಮನೆಗೆ ಬಿಡ್ಲಿಲ್ಲ,” ಎಂದಳು. “ಕಳ್ಳ ಅಂತ. ಅದಕ್ಕೇ ಮೈಸೂರಿಗೆ ಬಂದ್ರು. ನಿಮ್ಗೆ ಗೊತ್ತಿತ್ತಾ?”

“ಇಲ್ಲ.”

“ಕೇಳಿದ್ರಾ ಯಾರನ್ನಾದ್ರೂ?”

“ಇಲ್ಲ ಮಗಾ.”

ಆ ಕೊನೆಯ ಪದ ಆಡಬಾರದಿತ್ತು ಎಂದು ಆಡಿದ ಮೇಲೆ ಅನ್ನಿಸಿತು. ಮೈಥಿಲಿ ಕಾಗದವನ್ನು ಮಡಚಿ ಅರ್ಜಿಯ ಜೊತೆ ಇಟ್ಟುಕೊಂಡಳು. ಬೆನೆಡಿಕ್ಟಾ ಕಟ್ಟಿಟ್ಟಿದ್ದ ಮೀನುಸಾರಿನ ಡಬ್ಬಿಯನ್ನು ಮುಟ್ಟಲಿಲ್ಲ. ಬಾಗಿಲವರೆಗೆ ಹೋಗಿ ನಿಂತಳು.

“ಅಪ್ಪನಿಗೆ ಈಗ್ಲೂ ಇಂಗ್ಲಿಷ್ ಬರಲ್ಲ. ಇದ್ರಲ್ಲಿ ಏನಿದೆ ಅಂತ ಅವ್ರಿಗೆ ಕನ್ನಡದಲ್ಲಿ ನೀವೇ ಬರೀಬೇಕು. ನಾನು ಬರೆಯಲ್ಲ.”

ಕಾರು ಹೋದ ಮೇಲೆ ಗ್ರೆಗರಿ ಮೇಜಿಗೆ ಬಂದು ಕೂತರು. ಕನ್ನಡ ಬರೆದು ಎಷ್ಟೋ ವರ್ಷವಾಗಿತ್ತು. ಅಕ್ಷರಗಳು ಕೈಗೆ ಹತ್ತದೆ ಸೊಟ್ಟಸೊಟ್ಟ ಬಂದವು. ‘ಶ್ರೀ ಹೊನ್ನಪ್ಪನವರಿಗೆ’ ಎಂದು ಬರೆದು ನಿಲ್ಲಿಸಿದರು. ಬೆನೆಡಿಕ್ಟಾ ಡಬ್ಬಿಯನ್ನು ಎತ್ತಿ ಫ್ರಿಜ್ಜಿನಲ್ಲಿಟ್ಟು, ಬಂದು ಎದುರಿನ ಕುರ್ಚಿಯಲ್ಲಿ ಕೂತರು.

ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಅಂದು ಕಟಕಟೆಯಲ್ಲಿ ಅವನು ಹೇಳಿದ್ದರಿಂದಲೇ ಶುರುಮಾಡಿದರು. ಅದನ್ನು ಮಾತ್ರ ಹುಡುಕಬೇಕಾಗಿರಲಿಲ್ಲ, ಕನ್ನಡದಲ್ಲೇ ಇತ್ತು. ‘ಗ್ರೆಗರಿಯವರನ್ನೇ ಕೇಳಿ’ ಎನ್ನುವಷ್ಟರಲ್ಲಿ ಪೆನ್ನು ಕೈಕೊಟ್ಟಿತು. ಅದನ್ನು ಕೊಡವಿ, ಮೂಡದ ಅಕ್ಷರಗಳ ಮೇಲೆಯೇ ಇನ್ನೊಮ್ಮೆ ಒತ್ತಿ ಬರೆದರು.