ಚುರುಕು ಕೈ

"ಈ ಶಾಲು ಯಾರದು?" ಎಂದು ಆಮೆಯಣ್ಣ ಕುರ್ಚಿಯ ಮೇಲಿದ್ದ ಹಸಿರು ಶಾಲನ್ನು ಎತ್ತಿ ಹಿಡಿದ.

ರಕ್ತ ತೆಗೆಯುವ ಕೋಣೆಯಲ್ಲಿ ಬೆಳಗಿನ ಜನಜಂಗುಳಿ ಕರಗಿತ್ತು. ಹತ್ತೂವರೆಯ ಟೀ ಬಂದಿತ್ತು. ಮಿಂಚಕ್ಕ ಲೋಟವನ್ನು ತುಟಿಗೆ ತಂದವಳು ಕೂತಲ್ಲಿಂದಲೇ, "ಆ ತುಂಬು ಬಸುರೀದು ಇರ್ಬೇಕು ಕಣೋ. ಅದ್ರ ಮೇಲೇ ಕೂತಿದ್ಳಲ್ಲ," ಎಂದಳು.

"ಅಲ್ಲಕ್ಕ. ಪಕ್ಕದಲ್ಲಿ ವಯಸ್ಸಾದ ಅಮ್ಮ ಒಬ್ರಿದ್ರಲ್ಲ, ಅವರದು. ನೀವು ಹದಿನಾಲ್ಕು ಅಂತ ಕೂಗಿದಾಗ ಎದ್ದಿದ್ದು ಅವರೇ. ಕುರ್ಚಿಗೆ ಈ ಶಾಲು ಹಾಸಿ, 'ನಂದೇನು ಅವಸರ ಇಲ್ಲ, ನೀನು ಮೊದಲು ಕೂತ್ಕೋ ತಾಯಿ' ಅಂತ ಆ ಹುಡುಗೀನ ಕೂರಿಸಿದ್ರು. ಈ ಕಾಲದಲ್ಲೂ ಇಂಥವರು ಇದ್ದಾರೆ ನೋಡಿ."

ಮಿಂಚಕ್ಕ ಕುಡಿಯದೆ ಲೋಟ ಕೆಳಗಿಟ್ಟಳು.

ಅವಳಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಬೇರೆಯವರು ಒಬ್ಬರ ತೋಳಿಗೆ ಪಟ್ಟಿ ಬಿಗಿಯುವುದರೊಳಗೆ ಅವಳು ಇಬ್ಬರನ್ನು ಮುಗಿಸಿ ಮೂರನೆಯವರನ್ನು ಕೂಗುತ್ತಿದ್ದಳು. ಅದರ ಗುಟ್ಟು ಬಹಳ ಸುಲಭದ್ದು. ಬೆಳಿಗ್ಗೆ ಬಂದವಳೇ ಟೋಕನ್ ಪಟ್ಟಿ ನೋಡಿ, ಅಷ್ಟೂ ಟ್ಯೂಬುಗಳಿಗೆ ಹೆಸರಿನ ಚೀಟಿ ಅಂಟಿಸಿ ಸಾಲಾಗಿ ನಿಲ್ಲಿಸಿಬಿಡುತ್ತಿದ್ದಳು. ಆಮೇಲೆ ನಂಬರು ಕೂಗುವುದು, ಸೂಜಿ ಚುಚ್ಚುವುದು, ಸಾಲಿನ ಮುಂದಿನ ಟ್ಯೂಬು ತುಂಬುವುದು, ಅಷ್ಟೇ. ಮೊದಲು ಹೆಸರು ಕೇಳಬೇಕು, ರಕ್ತ ತೆಗೆದ ಮೇಲೆ ಅವರ ಕಣ್ಣೆದುರೇ ಚೀಟಿ ಅಂಟಿಸಬೇಕು ಎಂಬ ನಿಯಮ ಗೋಡೆಯ ಮೇಲೇ ಇತ್ತು. ಅದನ್ನು ಪಾಲಿಸುತ್ತಿದ್ದವನು ಆಮೆಯಣ್ಣ ಒಬ್ಬನೇ, ಅವನ ಹೆಸರೂ ಸುಮ್ಮನೆ ಬಂದದ್ದಲ್ಲ. ಅವನ ಸಾಲಿನ ಜನ ಗಡಿಯಾರ ನೋಡಿ ಗೊಣಗುತ್ತಿದ್ದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅವನು ಒಂದು ದಿನವೂ ತಿರುಗಿ ಅಂದವನಲ್ಲ. ಅಷ್ಟು ಬೇಗ ಮಾತು ಹುಡುಕುವವನೂ ಅಲ್ಲ, ಪಾಪ. ಹೊರಗಿನ ಪರದೆಯ ಮೇಲೆ 'ಕಾಯುವ ಸಮಯ ನಾಲ್ಕು ನಿಮಿಷ' ಎಂದು ಬರುತ್ತಿದ್ದದ್ದು ಮಿಂಚಕ್ಕನ ಪುಣ್ಯದಿಂದ. ತಿಂಗಳ ಉತ್ತಮ ಕೆಲಸಗಾರರ ಜಾಗದಲ್ಲಿ ಅವಳ ಫೋಟೊ ಆರು ತಿಂಗಳಿಂದ ಕದಲಿರಲಿಲ್ಲ.

ಹಾಗಾದರೆ ಹದಿನಾಲ್ಕರ ಟ್ಯೂಬಿಗೆ ಆ ಬಸುರಿಯ ರಕ್ತ, ಅವಳ ಹದಿನೈದರದಕ್ಕೆ ಆ ಅಮ್ಮನ ರಕ್ತ ಹೋಗಿತ್ತು. ಅವಳು ಕಂಪ್ಯೂಟರಿನ ಮುಂದೆ ಕೂತಳು. ಇಬ್ಬರದೂ ಒಂದೇ ರಕ್ತದ ಗುಂಪಾಗಿರಲಿ ಎಂದು ಬೇಡಿಕೊಂಡೇ ಗುಂಡಿ ಒತ್ತಿದಳು. ಹದಿನಾಲ್ಕು, ಬಿ. ಹದಿನೈದು, ಎ. ಹದಿನಾಲ್ಕರ ಮುಂದೆ ಇನ್ನೊಂದು ಸಾಲಿತ್ತು: ಗರ್ಭಕೋಶದ ಆಪರೇಷನ್, ಹನ್ನೆರಡು ಗಂಟೆ, ಬಿ ಗುಂಪಿನ ರಕ್ತ ಎರಡು ಚೀಲ, ಸಿದ್ಧ.

ಆ ಅಮ್ಮನ ಮೈಯಲ್ಲಿ ಹರಿಯುತ್ತಿರುವುದು ಎ. ಬಿ ಹೋದರೆ ಏನಾಗುತ್ತದೆ ಎಂಬುದನ್ನು ಅವಳು ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದಳು. ಮೊದಲು ಚಳಿ, ಬೆನ್ನುನೋವು, ಆಮೇಲೆ... ಅದರ ಮುಂದಿನದು ಈಗ ಬೇಡವೆಂದರೂ ನೆನಪಿಗೆ ಬಂತು. ಹನ್ನೊಂದಕ್ಕೆ ಹತ್ತು ನಿಮಿಷವಿತ್ತು.

ನಾಚಿಕೆಗೇಡಿನ ಸಂಗತಿಯೆಂದರೆ, ಅವಳು ಎರಡು ನಿಮಿಷ ಏನೂ ಮಾಡಲಿಲ್ಲ. ಆಮೆಯಣ್ಣ ಶಾಲು ಮಡಿಸುತ್ತಿದ್ದ, ಅವನಿಗೇನೂ ಹೊಳೆದಿರಲಿಲ್ಲ. ಎಲ್ಲರಿಗೂ ರಕ್ತ ಹಾಕುವ ಪ್ರಸಂಗ ಬರುವುದಿಲ್ಲ, ಹತ್ತರಲ್ಲಿ ಒಬ್ಬರಿಗೆ ಬಂದರೆ ಹೆಚ್ಚು. ಈ ಲೆಕ್ಕ ತನ್ನ ತಲೆಯೊಳಗೇ ಹುಟ್ಟಿತೆಂದು ತಿಳಿದಾಗ ಅವಳಿಗೆ ತನ್ನ ಮೇಲೆಯೇ ಭಯವಾಯಿತು. ಎದ್ದವಳು ಚಪ್ಪಲಿ ಜಾರಿದರೂ ನಿಲ್ಲದೆ ದೊಡ್ಡ ಮೇಡಂ ಕೋಣೆಗೆ ಓಡಿದಳು.

ದೊಡ್ಡ ಮೇಡಂ ಲ್ಯಾಬಿನ ಮುಖ್ಯಸ್ಥೆ. ಪೂರ್ತಿ ಕೇಳುವ ಮೊದಲೇ ಫೋನೆತ್ತಿ, "ಆ ಬಿ ಚೀಲ ಮೇಲೆ ಕಳಿಸ್ಬೇಡಿ, ಆಪರೇಷನ್ ತಡೀರಿ," ಎಂದರು. ಇಟ್ಟ ಮೇಲೆ ಅವರ ಮುಖದಲ್ಲೂ ಬೆವರಿತ್ತು. "ಹೋಗಿ ಇನ್ನೊಂದ್ಸಲ ರಕ್ತ ತಗೊಂಡ್ಬಾ. ಖಾತ್ರಿಗೆ ಅಂತ ಹೇಳು. ಅದಕ್ಕಿಂತ ಒಂದಕ್ಷರ ಜಾಸ್ತಿ ಆಡ್ಬೇಡ, ಗಾಬರಿ ಬೀಳ್ತಾರೆ. ಮಿಕ್ಕಿದ್ದು ಆಮೇಲೆ ನೋಡೋಣ."

ಮೂರನೆಯ ಮಹಡಿಯ ವಾರ್ಡಿನಲ್ಲಿ ಆ ಅಮ್ಮ ಆಪರೇಷನ್ನಿನ ಅಂಗಿ ತೊಟ್ಟು ಮಂಚದ ಮೇಲೆ ಕೂತಿದ್ದರು. ಜೊತೆಯಲ್ಲಿ ನಾದಿನಿ. ಮಿಂಚಕ್ಕ ಹೆಸರು ಕೇಳಿದಳು. ಅವರು ತಂದೆಯ ಹೆಸರಿನಿಂದ ಶುರುಮಾಡಿ ಪೂರ್ತಿ ಹೇಳಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಎರಡು ಬಾರಿ ಚುಚ್ಚಬೇಕಾಯಿತು. ಟ್ಯೂಬು ತುಂಬಿತು. ಅವರ ಕಣ್ಣೆದುರೇ ಚೀಟಿ ಅಂಟಿಸಿದಳು.

"ಬೆಳಿಗ್ಗೆ ತಗೊಂಡಿದ್ರೂ ಖಾತ್ರಿಗೆ ಅಂತ ಮೆಟ್ಟಿಲು ಹತ್ತಿ ಬಂದಿದ್ದಾರೆ, ನೋಡಿ ಅತ್ತಿಗೆ," ಎಂದಳು ನಾದಿನಿ. "ಇಷ್ಟು ಮುತುವರ್ಜಿ ಯಾರಿಗಿರುತ್ತೆ? ನಿಮ್ಮ ಹೊಟ್ಟೆ ತಣ್ಣಗಿರ್ಲಿ ಸಿಸ್ಟರ್."

ಮಿಂಚಕ್ಕ ಟ್ಯೂಬು ಹಿಡಿದು ಬಾಗಿಲವರೆಗೆ ಹೋದಳು. ಹೊರಗೆ ಕಾಲಿಟ್ಟರೆ ಮುಗಿದಿತ್ತು. ಕಾಯುತ್ತಿದ್ದ ವಾರ್ಡ್ ಬಾಯ್ ಕೈಗೆ ಟ್ಯೂಬು ಕೊಟ್ಟು, "ಓಡು," ಎಂದು, ತಾನು ಒಳಗೆ ತಿರುಗಿದಳು.

"ಮುತುವರ್ಜಿ ಅಲ್ಲಮ್ಮ. ನನ್ನ ತಪ್ಪು. ನಾನು ಹೆಸರು ಕೇಳ್ಲಿಲ್ಲ. ನಿಮ್ಮ ಟ್ಯೂಬಿಗೆ ಆ ಬಸುರಿ ಹುಡುಗಿ ರಕ್ತ ಹಾಕ್ಬಿಟ್ಟೆ."

ನಾದಿನಿ ಎದ್ದು ನಿಂತಳು. "ಅಂದ್ರೆ? ಇವರಿಗೆ ಬೇರೆ ರಕ್ತ ಹಾಕ್ತಿದ್ರಾ?"

"ಹೌದು."

"ಮನುಷ್ಯರೇನ್ರೀ ನೀವು?" ಎಂದು ನಾದಿನಿ ಕಿರುಚಿದಳು. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಮಿಂಚಕ್ಕ ತಲೆ ತಗ್ಗಿಸಿ ನಿಂತಳು. ಬೈಗುಳ ಬಂದಷ್ಟೂ ಉಸಿರಾಡುವುದು ಸುಲಭವಾಗುತ್ತಿತ್ತು. ಅಂತೂ ಗಂಡಾಂತರ ತಪ್ಪಿತು ಎಂದು ಅವಳು ನಿಜವಾಗಿಯೂ ಅಂದುಕೊಂಡಳು.

ಆ ಅಮ್ಮ ಮಾತ್ರ ಬೈಯಲಿಲ್ಲ. ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡು ಏನನ್ನೋ ಯೋಚಿಸುತ್ತಿದ್ದರು.

"ಹಾಗಾದ್ರೆ ನಂದು ಆ ಹುಡುಗಿ ಹೆಸರಲ್ಲಿ ಹೋಗಿದೆ," ಎಂದರು. "ಹೆರಿಗೆಗೆ ಬೇರೆ ಆಸ್ಪತ್ರೆ ಗೊತ್ತು ಮಾಡಿದ್ದಾರಂತೆ. ಕಾಗದ ಕೈಗೆ ಸಿಕ್ಕಿದ ತಕ್ಷಣ ಹೋಗಿ ಸೇರ್ತೀನಿ ಅಂತಿದ್ಲು, ಆಗ್ಲೇ ಸೊಂಟ ಹಿಡ್ಕೊಂಡಿದ್ಲು. ಅವಳನ್ನ ಮೊದಲು ಕೂರಿಸಿದ್ದು ನಾನೇ. ಅವಳಿಗೆ ಹೇಳಿದ್ರಾ?"

ಹದಿನೈದರ ರಿಪೋರ್ಟನ್ನು ಆ ಹುಡುಗಿ ಹತ್ತು ಗಂಟೆಗೇ ಒಯ್ದಿದ್ದಳು.

ಅವಳು ಅಲ್ಲಿಂದಲೇ ಆಮೆಯಣ್ಣನಿಗೆ ಫೋನು ಮಾಡಿದಳು. ಅವನು ಪಟ್ಟಿ ತೆಗೆದು ಆ ಹುಡುಗಿಯ ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದ, ಮತ್ತೆ ಮೊದಲಿನಿಂದ ಓದಿದ. ಅವಳು ಅವಸರ ಮಾಡದೆ ಬರೆದುಕೊಂಡಳು.

"ಇಲ್ಲೇ ಮಾಡಿ. ನನಗೂ ಕೇಳ್ಲಿ," ಎಂದರು ಅಮ್ಮ.

ಮಿಂಚಕ್ಕ ಸ್ಪೀಕರ್ ಹಾಕಿ ಫೋನನ್ನು ಮಂಚದ ಮೇಲಿಟ್ಟಳು. ಆ ಕಡೆ ಗಂಟೆ ಹೊಡೆದುಕೊಳ್ಳತೊಡಗಿತು. ನಾದಿನಿಯೂ ಹತ್ತಿರ ಬಂದಳು. ಪೂರ್ತಿ ಹೊಡೆದುಕೊಂಡು ತಾನೇ ನಿಂತಿತು.

"ಇನ್ನೊಂದ್ಸಲ," ಎಂದರು ಅಮ್ಮ.

ಮಿಂಚಕ್ಕ ಮತ್ತೆ ಒತ್ತಿದಳು. ಮೂವರೂ ಫೋನಿನ ಮೇಲೆ ಬಾಗಿ ಕೇಳುತ್ತ ಕೂತರು.